ಕಂಪನದ ಲೆಕ್ಕಪರಿಶೋಧನೆ: ಹಳೆಯ ಸ್ಪೋರ್ಟ್ಸ್ ಕಾರಿನ ದೋಷನಿದಾನ ಕುರಿತು ಒಂದು ಅಧ್ಯಯನ

ಪೀಠಿಕೆ

ವರ್ಷಾಂತ್ಯದಲ್ಲಿ ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದದಿದ್ದಾಗ, ಅನುಭವವುಳ್ಳ ಗುಮಾಸ್ತನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲ ನಮೂದುಗಳನ್ನೂ ತಿರುವಿಹಾಕಲು ತೊಡಗುವುದಿಲ್ಲ. ಮೊದಲು ವ್ಯತ್ಯಾಸದ ಮೊತ್ತವನ್ನೇ ದಿಟ್ಟಿಸಿ ನೋಡುತ್ತಾನೆ. ಆ ಮೊತ್ತವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲಿಯೋ ಅಂಕೆಗಳು ಹಿಂದುಮುಂದಾಗಿರಬಹುದೆಂದು ಊಹಿಸುತ್ತಾನೆ. 54 ಎಂಬುದನ್ನು 45 ಎಂದು ಬರೆದರೆ ಬರುವ ವ್ಯತ್ಯಾಸ ಒಂಬತ್ತು. ಮೊತ್ತದ ಅರ್ಧದಷ್ಟು ನಮೂದೊಂದು ಪುಸ್ತಕದಲ್ಲಿ ಕಂಡುಬಂದರೆ, ಖರ್ಚಿನ ಬದಿಗೆ ಸೇರಬೇಕಾದುದು ಜಮೆಯ ಬದಿಗೆ ಸೇರಿರಬಹುದೆಂದು ಶಂಕಿಸುತ್ತಾನೆ. ಅಂದರೆ ತಪ್ಪಿನ ಗಾತ್ರವೇ ತಪ್ಪಿನ ಸ್ವರೂಪವನ್ನು ಸೂಚಿಸುತ್ತದೆ.

ಯಂತ್ರಗಳ ಕಂಪನ ಮತ್ತು ಶಬ್ದಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಕಂಪನವು ಸೆಕೆಂಡಿಗೆ ಎಷ್ಟು ಬಾರಿ ಸಂಭವಿಸುತ್ತದೆ, ಯಾವುದರ ವೇಗದೊಂದಿಗೆ ಏರಿಳಿಯುತ್ತದೆ ಎಂಬ ಎರಡು ಸಂಗತಿಗಳನ್ನು ತಿಳಿದರೆ, ಅದರ ಮೂಲವು ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ. ಆದರೆ ವ್ಯವಹಾರದಲ್ಲಿ ನಡೆಯುವುದು ಬೇರೆ. ಶಬ್ದ ಬಂದೊಡನೆ ಊಹೆಯ ಮೇಲೆ ಒಂದು ಬಿಡಿಭಾಗವನ್ನು ಬದಲಿಸುವುದು, ಅದು ನಿಲ್ಲದಿದ್ದರೆ ಇನ್ನೊಂದನ್ನು ಬದಲಿಸುವುದು, ಕೊನೆಗೆ ಗ್ರಾಹಕನ ಕೈಗೆ ಉದ್ದನೆಯ ಬಿಲ್ಲನ್ನು ಕೊಡುವುದು. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆ ಇಂತಹ ದುರಸ್ತಿಗೆಂದೇ ಹುಟ್ಟಿದಂತಿದೆ. ಇದರಿಂದ ಗ್ರಾಹಕನಿಗೆ ಹಣದ ನಷ್ಟ, ಗ್ಯಾರೇಜಿಗೆ ವಿಶ್ವಾಸದ ನಷ್ಟ. ಚಕ್ರಕ್ಕೆ ಶಕ್ತಿಯನ್ನು ಸಾಗಿಸುವ ಭಾಗವೊಂದು ಸಡಿಲವಾಗಿಯೇ ಉಳಿದರೆ ಪ್ರಾಣಕ್ಕೂ ಅಪಾಯ.

ಪ್ರಸ್ತುತ ಲೇಖನದಲ್ಲಿ ಈ ನಿದಾನಕ್ರಮವನ್ನು ಒಂದು ನಿರ್ದಿಷ್ಟ ವಾಹನದ ಮೂಲಕ ವಿವೇಚಿಸಲಾಗಿದೆ. ಅದು ಜರ್ಮನಿಯ ಪೋರ್ಷೆ 944. ನಮ್ಮ ರಸ್ತೆಗಳಲ್ಲಿ ಇದು ಅಪರೂಪ. ಆದರೂ ಆಯ್ಕೆಗೆ ಕಾರಣವಿದೆ: ಇದರ ರಚನೆಯು ಸಾಮಾನ್ಯ ಕಾರಿಗಿಂತ ಭಿನ್ನವಾಗಿರುವುದರಿಂದ, ರಚನೆಯನ್ನು ಅರಿಯದೆ ಮಾಡಿದ ನಿದಾನವು ಹೇಗೆ ದಾರಿತಪ್ಪುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ. ವಾಹನ ದುರಸ್ತಿ, ಬಿಡಿಭಾಗಗಳ ವ್ಯಾಪಾರ ಅಥವಾ ಯಾವುದೇ ಯಂತ್ರೋಪಕರಣಗಳ ನಿರ್ವಹಣೆಯಲ್ಲಿ ತೊಡಗಿರುವ ಸದಸ್ಯರಿಗೆ ಇಲ್ಲಿನ ತತ್ತ್ವಗಳು ಉಪಯುಕ್ತವಾದಾವೆಂದು ಭಾವಿಸಲಾಗಿದೆ.

1. ವಾಹನದ ರಚನೆ

ಪೋರ್ಷೆ 944 ಮೊದಲಿಗೆ ಪ್ರದರ್ಶನಗೊಂಡದ್ದು 1981ರಲ್ಲಿ; 1982ರಿಂದ 1991ರವರೆಗೆ ಮಾರಾಟದಲ್ಲಿತ್ತು. ಆಡಿ ಸಂಸ್ಥೆಯ ನೆಕರ್‌ಸುಲ್ಮ್ ಕಾರ್ಖಾನೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಆರಂಭದ ಮಾದರಿಗಳಲ್ಲಿ 2,479 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ ಇತ್ತು.

ಸಾಮಾನ್ಯ ಹಿಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್, ಕ್ಲಚ್, ಗೇರ್‌ಪೆಟ್ಟಿಗೆ ಮೂರೂ ಮುಂದಿರುತ್ತವೆ. ಅಲ್ಲಿಂದ ಪ್ರೊಪೆಲರ್ ಶಾಫ್ಟ್ ಹಿಂದಕ್ಕೆ ಹೋಗಿ ಡಿಫರೆನ್ಷಿಯಲ್ಲನ್ನು ಸೇರುತ್ತದೆ. 944ರಲ್ಲಿ ಎಂಜಿನ್ ಮತ್ತು ಕ್ಲಚ್ ಮುಂದಿವೆ. ಗೇರ್‌ಪೆಟ್ಟಿಗೆಯೂ ಡಿಫರೆನ್ಷಿಯಲ್ಲೂ ಒಂದೇ ಕವಚದೊಳಗೆ ಹಿಂಚಕ್ರಗಳ ನಡುವೆ ಇವೆ. ಈ ಜೋಡಣೆಗೆ ಟ್ರಾನ್ಸ್‌ಆಕ್ಸಲ್ ಎಂದು ಹೆಸರು. ಭಾರವು ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಬೇಕೆಂಬುದು ಇದರ ಉದ್ದೇಶ. ಎರಡನ್ನೂ ಜೋಡಿಸುವುದು ಟಾರ್ಕ್ ಟ್ಯೂಬ್ ಎಂಬ ಗಟ್ಟಿಯಾದ ಉಕ್ಕಿನ ಕೊಳವೆ. ಕೊಳವೆಯೊಳಗೆ ತೆಳ್ಳನೆಯ ಶಾಫ್ಟ್ ಒಂದು ನಾಲ್ಕು ಬೇರಿಂಗುಗಳ ಆಸರೆಯಲ್ಲಿ ತಿರುಗುತ್ತದೆ.

ಇದರಿಂದ ಒಂದು ಮುಖ್ಯ ಪರಿಣಾಮವುಂಟು. ಸಾಮಾನ್ಯ ಕಾರಿನ ಪ್ರೊಪೆಲರ್ ಶಾಫ್ಟ್, ಕಾರು ನಿಂತಾಗ ನಿಲ್ಲುತ್ತದೆ. 944ರ ಶಾಫ್ಟ್ ಹಾಗಲ್ಲ. ಕ್ಲಚ್ ಪೆಡಲನ್ನು ಒತ್ತದಿರುವವರೆಗೆ ಅದು ಎಂಜಿನ್ನಿನ ವೇಗದಲ್ಲಿಯೇ ತಿರುಗುತ್ತಿರುತ್ತದೆ. ಕಾರು ನಿಂತು, ಗೇರ್ ನ್ಯೂಟ್ರಲ್‌ನಲ್ಲಿದ್ದರೂ ತಿರುಗುತ್ತಿರುತ್ತದೆ. ಈ ಒಂದು ಸಂಗತಿಯು ನಿದಾನದ ಬೀಗದ ಕೈಯಾಗಿದೆ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. 1972ರಲ್ಲಿ ಬಂದ ಇಟಲಿಯ ಆಲ್ಫಾ ರೋಮಿಯೋ ಆಲ್ಫೆಟ್ಟಾ ಕಾರಿನಲ್ಲಿಯೂ ಗೇರ್‌ಪೆಟ್ಟಿಗೆ ಹಿಂದೆಯೇ ಇದೆ. ಆದರೆ ಅದರಲ್ಲಿ ಕ್ಲಚ್ಚೂ ಹಿಂದೆ, ಗೇರ್‌ಪೆಟ್ಟಿಗೆಯ ಜೊತೆಗಿದೆ. ಆದ್ದರಿಂದ ಪೆಡಲ್ ಒತ್ತಿದರೂ ಅದರ ಉದ್ದನೆಯ ಶಾಫ್ಟ್ ನಿಲ್ಲುವುದಿಲ್ಲ. ಹೊರನೋಟಕ್ಕೆ ಒಂದೇ ಬಗೆಯ ಎರಡು ಕಾರುಗಳಲ್ಲಿ ಒಂದೇ ಪರೀಕ್ಷೆಯು ವಿರುದ್ಧ ಅರ್ಥವನ್ನು ಕೊಡುತ್ತದೆ. ಸಂಸ್ಥೆಯ ಲೆಕ್ಕಪದ್ಧತಿಯನ್ನು ಅರಿಯದೆ ಪರಿಶೋಧನೆಗೆ ಕೂರಬಾರದೆಂಬ ನಿಯಮ ಇಲ್ಲಿಯೂ ಸಲ್ಲುತ್ತದೆ.

2. ಮೂರು ವೇಗಗಳು, ಮೂರು ಖಾತೆಗಳು

ಈ ಕಾರಿನಲ್ಲಿ ತಿರುಗುವ ಭಾಗಗಳನ್ನೆಲ್ಲ ಅವುಗಳ ವೇಗಕ್ಕನುಗುಣವಾಗಿ ಮೂರು ಖಾತೆಗಳಲ್ಲಿ ವಿಂಗಡಿಸಬಹುದು.

ಅ) ಎಂಜಿನ್ ಖಾತೆ: ಎಂಜಿನ್, ಫ್ಲೈವೀಲ್, ಕ್ಲಚ್, ಟಾರ್ಕ್ ಟ್ಯೂಬಿನ ಶಾಫ್ಟ್ ಮತ್ತು ಅದರ ಬೇರಿಂಗುಗಳು, ಗೇರ್‌ಪೆಟ್ಟಿಗೆಯ ಒಳಬರುವ ಶಾಫ್ಟ್.

ಆ) ಪಿನಿಯನ್ ಖಾತೆ: ಗೇರ್‌ಪೆಟ್ಟಿಗೆಯಿಂದ ಹೊರಬರುವ ಪಿನಿಯನ್ ಶಾಫ್ಟ್ ಮತ್ತು ಅದರ ಬೇರಿಂಗುಗಳು.

ಇ) ಚಕ್ರದ ಖಾತೆ: ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲುಚಕ್ರ, ಹಾಫ್ ಶಾಫ್ಟುಗಳು, ಸಿ.ವಿ. ಜಾಯಿಂಟುಗಳು, ಚಕ್ರದ ಬೇರಿಂಗುಗಳು, ರಿಮ್ ಮತ್ತು ಟೈರುಗಳು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಆರಂಭದ ಐದು ಗೇರಿನ ಮಾದರಿಯಲ್ಲಿ ಅಂತಿಮ ಚಾಲನಾ ಅನುಪಾತ 3.889; ಐದನೆಯ ಗೇರಿನ ಅನುಪಾತ 0.829, ನಾಲ್ಕನೆಯದು 1.071. ಚಕ್ರವು ಒಂದು ಸುತ್ತಿಗೆ ಸುಮಾರು 1.95 ಮೀಟರ್ ಮುಂದೆ ಸಾಗುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಆಗ ಪರಿಸ್ಥಿತಿ ಹೀಗಿರುತ್ತದೆ:

ಚಕ್ರ: ಸೆಕೆಂಡಿಗೆ ಸುಮಾರು 14 ಸುತ್ತು.
ಪಿನಿಯನ್ ಶಾಫ್ಟ್: ಸೆಕೆಂಡಿಗೆ ಸುಮಾರು 55 ಸುತ್ತು.
ಎಂಜಿನ್, ಐದನೆಯ ಗೇರಿನಲ್ಲಿ: ಸೆಕೆಂಡಿಗೆ ಸುಮಾರು 46 ಸುತ್ತು, ಅಂದರೆ ನಿಮಿಷಕ್ಕೆ 2,750.
ಎಂಜಿನ್, ನಾಲ್ಕನೆಯ ಗೇರಿನಲ್ಲಿ: ಸೆಕೆಂಡಿಗೆ ಸುಮಾರು 59 ಸುತ್ತು, ಅಂದರೆ ನಿಮಿಷಕ್ಕೆ 3,550.

ಸೆಕೆಂಡಿಗೆ ಹದಿನಾಲ್ಕು ಬಾರಿಯ ಕಂಪನವು ಆಸನದಲ್ಲಿಯೋ ಸ್ಟಿಯರಿಂಗಿನಲ್ಲಿಯೋ ನಡುಕದಂತೆ ಅನುಭವಕ್ಕೆ ಬರುತ್ತದೆ. ಬಹುಮಟ್ಟಿಗೆ ಅದನ್ನು ಎಣಿಸಬಹುದೇನೋ ಎನಿಸುತ್ತದೆ. ಸೆಕೆಂಡಿಗೆ ಐವತ್ತರ ಸುಮಾರಿನದು ಗುಂಯ್‌ಗುಡುವ ದನಿಯಾಗಿ ಕೇಳುತ್ತದೆ. ಗಮನಿಸಬೇಕಾದ ಅಂಶವೆಂದರೆ, ಗೇರ್ ಬದಲಿಸಿದಾಗ ಕಾರಿನ ವೇಗ ಅಷ್ಟೇ ಇದ್ದರೆ ಚಕ್ರದ ಖಾತೆಯೂ ಪಿನಿಯನ್ ಖಾತೆಯೂ ಬದಲಾಗುವುದಿಲ್ಲ. ಎಂಜಿನ್ ಖಾತೆ ಮಾತ್ರ ಬದಲಾಗುತ್ತದೆ. ಇಷ್ಟು ಮನದಟ್ಟಾದರೆ ಅರ್ಧ ಕೆಲಸ ಮುಗಿದಂತೆ. ಇಂದಿನ ಸ್ಮಾರ್ಟ್‌ಫೋನುಗಳಲ್ಲಿ ಕಂಪನ ಮತ್ತು ಶಬ್ದದ ಆವರ್ತನವನ್ನು ಅಳೆಯುವ ತಂತ್ರಾಂಶಗಳು ಸುಲಭವಾಗಿ ದೊರೆಯುವುದರಿಂದ ಈ ಸಂಖ್ಯೆಗಳನ್ನು ತಾಳೆ ನೋಡುವುದು ಕಷ್ಟವಲ್ಲ. ಓದುವ ಕೆಲಸವನ್ನು ಚಾಲಕನಲ್ಲದೆ ಪಕ್ಕದಲ್ಲಿ ಕುಳಿತವರು ಮಾಡಬೇಕು.

3. ನಿಂತಲ್ಲಿಯೇ ಮಾಡುವ ಪರೀಕ್ಷೆ

ಈ ಪರೀಕ್ಷೆಗೆ ಖರ್ಚಿಲ್ಲ. ಕಾರನ್ನು ಸಮತಲದಲ್ಲಿ ನಿಲ್ಲಿಸಿ, ಕೈ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಟ್ಟಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಬೇಕು. ಮೊದಲು ಪೆಡಲನ್ನು ಮುಟ್ಟದೆ, ಅನಂತರ ಪೂರ್ತಿ ಒತ್ತಿ ಆಲಿಸಬೇಕು.

ಮೊದಲನೆಯದಾಗಿ, ಪೆಡಲ್ ಬಿಟ್ಟಾಗ ಶಬ್ದವಿದ್ದು, ಒತ್ತಿದಾಗ ಅಡಗಿದರೆ: ಪೆಡಲ್ ಒತ್ತಿದಾಗ ನಿಲ್ಲುವುದು ಟಾರ್ಕ್ ಟ್ಯೂಬಿನ ಶಾಫ್ಟ್ ಮತ್ತು ಗೇರ್‌ಪೆಟ್ಟಿಗೆಯ ಒಳಬರುವ ಶಾಫ್ಟ್. ಆದ್ದರಿಂದ ದೋಷವು ಅವುಗಳ ಬೇರಿಂಗುಗಳಲ್ಲಿದೆ, ಅಥವಾ ಅದು ಹೊರೆಯಿಲ್ಲದ ಗೇರುಗಳ ಹಲ್ಲುಗಳ ಸಣ್ಣ ಗಲಗಲ ಸದ್ದಾಗಿದೆ.

ಎರಡನೆಯದಾಗಿ, ಪೆಡಲ್ ಒತ್ತಿದಾಗ ಮಾತ್ರ ಶಬ್ದ ಬಂದರೆ: ಆಗ ಕ್ಲಚ್ಚಿನ ರಿಲೀಸ್ ಬೇರಿಂಗಿನ ಮೇಲೆ ಪೂರ್ತಿ ಒತ್ತಡ ಬೀಳುತ್ತದೆ; ಫ್ಲೈವೀಲಿನ ನಡುವಿರುವ ಪೈಲಟ್ ಬೇರಿಂಗಿನಲ್ಲಿಯೂ ಆಗಲೇ ಸಾಪೇಕ್ಷ ಚಲನೆ ಉಂಟಾಗುತ್ತದೆ. ಇವೆರಡರಲ್ಲಿ ಒಂದು ಕಾರಣ. ಪೆಡಲಿನ ಮೇಲೆ ಕಾಲನ್ನು ಲಘುವಾಗಿ ಇಟ್ಟೊಡನೆ ದನಿ ಬದಲಾದರೆ ರಿಲೀಸ್ ಬೇರಿಂಗಿನ ಮೇಲಿನ ಅನುಮಾನ ಬಲವಾಗುತ್ತದೆ.

ಮೂರನೆಯದಾಗಿ, ಪೆಡಲಿನ ಸ್ಥಿತಿ ಹೇಗಿದ್ದರೂ ವ್ಯತ್ಯಾಸವಾಗದಿದ್ದರೆ: ಮೂಲವು ಎಂಜಿನ್ನಿನ ಕಡೆಗಿದೆ. ಎಂಜಿನ್ ಮೌಂಟುಗಳು, ಬ್ಯಾಲೆನ್ಸ್ ಶಾಫ್ಟುಗಳು, ಆಲ್ಟರ್ನೇಟರ್ ಮೊದಲಾದ ಪೂರಕ ಸಾಧನಗಳನ್ನು ಪರಿಶೀಲಿಸಬೇಕು.

ಮೊದಲನೆಯ ಸಂದರ್ಭದಲ್ಲಿ ಟಾರ್ಕ್ ಟ್ಯೂಬೋ ಗೇರ್‌ಪೆಟ್ಟಿಗೆಯೋ ಎಂದು ಬೇರ್ಪಡಿಸಲು, ಕಾರನ್ನು ಭದ್ರವಾದ ಲಿಫ್ಟಿನ ಮೇಲೇರಿಸಿ ಮೆಕ್ಯಾನಿಕ್‌ನ ಸ್ಟೆತಸ್ಕೋಪಿನಿಂದ ಕೊಳವೆಯ ಉದ್ದಕ್ಕೂ, ಬಳಿಕ ಗೇರ್‌ಪೆಟ್ಟಿಗೆಯ ಕವಚದ ಮೇಲೂ ಆಲಿಸಬೇಕು. ಗೇರ್ ಬದಲಿಸುವ ಸಲಾಕೆಯು ಟಾರ್ಕ್ ಟ್ಯೂಬಿನ ಮೇಲೆಯೇ ಕುಳಿತಿರುವುದರಿಂದ, ಅದರ ಬೇರಿಂಗುಗಳು ಸವೆದಿದ್ದರೆ ಸಲಾಕೆಯ ಹಿಡಿಯಲ್ಲಿ ಮರಳು ಅರೆದಂತಹ ಕಂಪನ ಕೈಗೆ ತಾಗುವುದುಂಟು.

4. ರಸ್ತೆ ಪರೀಕ್ಷೆ

ಸಂಚಾರವಿಲ್ಲದ ನೇರ ರಸ್ತೆಯಲ್ಲಿ, ವೇಗಮಿತಿಯೊಳಗೆ ಈ ಕ್ರಮವನ್ನು ಅನುಸರಿಸಬೇಕು.

ಮೊದಲು, ಕಂಪನ ಕಾಣಿಸಿಕೊಳ್ಳುವ ವೇಗವನ್ನು ಗುರುತಿಸಿ ಬರೆದುಕೊಳ್ಳಬೇಕು. ಅದೇ ವೇಗದಲ್ಲಿ ಒಂದು ಗೇರ್ ಕೆಳಕ್ಕೆ ಇಳಿಸಬೇಕು. ಕಂಪನದ ಸ್ವರೂಪ ಬದಲಾದರೆ ಅದು ಎಂಜಿನ್ ಖಾತೆಗೆ ಸೇರಿದ್ದು. ಬದಲಾಗದಿದ್ದರೆ ಚಕ್ರದ ಅಥವಾ ಪಿನಿಯನ್ ಖಾತೆಗೆ ಸೇರಿದ್ದು. ಎರಡರ ನಡುವಿನ ವ್ಯತ್ಯಾಸವನ್ನು ಆವರ್ತನವೇ ಹೇಳುತ್ತದೆ, ಏಕೆಂದರೆ ಒಂದು ಇನ್ನೊಂದರ ನಾಲ್ಕು ಪಾಲಿಗೆ ಹತ್ತಿರವಿದೆ.

ಎರಡನೆಯದಾಗಿ, ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ತಂದು ಕಾರನ್ನು ಹಾಗೆಯೇ ಉರುಳಲು ಬಿಡಬೇಕು. ಎಂಜಿನ್ನನ್ನು ಮಾತ್ರ ಎಂದಿಗೂ ಆರಿಸಬಾರದು. ಆರಿಸಿದರೆ ಬ್ರೇಕಿನ ನೆರವು ಕುಂದುತ್ತದೆ, ಕೀಲಿ ತೆಗೆದರೆ ಸ್ಟಿಯರಿಂಗ್ ಬೀಗ ಬೀಳುವ ಅಪಾಯವೂ ಉಂಟು. ಉರುಳುವಾಗಲೂ ಕಂಪನ ಉಳಿದರೆ ಟೈರು, ರಿಮ್, ಚಕ್ರದ ಬೇರಿಂಗ್, ಹಾಫ್ ಶಾಫ್ಟ್, ಪಿನಿಯನ್ನಿನ ಬೇರಿಂಗ್ ಇವುಗಳಲ್ಲಿ ಹುಡುಕಬೇಕು. ಮಾಯವಾದರೆ ಅದು ಎಂಜಿನ್ನಿನ ವೇಗಕ್ಕೋ ಎಳೆತದ ಹೊರೆಗೋ ಸಂಬಂಧಿಸಿದ್ದು.

ಮೂರನೆಯದಾಗಿ, ಈ ಕೊನೆಯ ಎರಡನ್ನು ಬೇರ್ಪಡಿಸಲು ಕಾರನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಅದೇ ಸುತ್ತುಗಳಿಗೆ ಏರಿಸಬೇಕು. ಕಂಪನ ಮರುಕಳಿಸಿದರೆ ಎಂಜಿನ್ ವೇಗವೇ ಕಾರಣ. ಮರುಕಳಿಸದಿದ್ದರೆ ಹೊರೆ ಬಿದ್ದಾಗ ಮಾತ್ರ ದೋಷ ತೋರುವ ಭಾಗಗಳು, ಅಂದರೆ ಸಿ.ವಿ. ಜಾಯಿಂಟ್, ಮೌಂಟ್, ಕ್ಲಚ್ ತಟ್ಟೆಯ ನಡುಭಾಗ, ಡಿಫರೆನ್ಷಿಯಲ್ಲಿನ ಹಲ್ಲುಗಳು ಅನುಮಾನಕ್ಕೆ ಒಳಗಾಗುತ್ತವೆ.

ನಾಲ್ಕನೆಯದಾಗಿ, ಒಂದೇ ಒಂದು ಗೇರಿನಲ್ಲಿ ಮಾತ್ರ ಶಬ್ದವಿದ್ದರೆ ಆ ಗೇರಿನ ಜೋಡಿಯನ್ನು ಶಂಕಿಸಬೇಕು. ಈ ಟ್ರಾನ್ಸ್‌ಆಕ್ಸಲಿನಲ್ಲಿ ಪ್ರತಿಯೊಂದು ಮುಂಗೇರಿಗೂ ತನ್ನದೇ ಹಲ್ಲುಚಕ್ರಗಳ ಜೋಡಿಯಿದೆ. ಹಳೆಯ ಸಾಮಾನ್ಯ ಗೇರ್‌ಪೆಟ್ಟಿಗೆಗಳಂತೆ ನಾಲ್ಕನೆಯ ಗೇರಿನಲ್ಲಿ ನೇರ ಚಾಲನೆ ಇಲ್ಲ.

ಐದನೆಯದಾಗಿ, ಗುಂಯ್‌ಗುಡುವ ಶಬ್ದವು ಮೆಲ್ಲಗೆ ಎಡಕ್ಕೆ ಅಥವಾ ಬಲಕ್ಕೆ ತಿರುಗಿದಾಗ ಏರಿಳಿದರೆ ಚಕ್ರದ ಬೇರಿಂಗನ್ನು ಪರೀಕ್ಷಿಸಬೇಕು. ತಿರುವಿನಲ್ಲಿ ಭಾರವು ಹೊರಬದಿಯ ಚಕ್ರಕ್ಕೆ ಸರಿಯುವುದರಿಂದ, ಸವೆದ ಬೇರಿಂಗ್ ಆಗ ಹೆಚ್ಚು ಕೂಗುತ್ತದೆ.

5. ಪ್ರಮುಖ ಅನುಮಾನಿತರು

ಟೈರುಗಳು: ಹಳೆಯ ಸ್ಪೋರ್ಟ್ಸ್ ಕಾರುಗಳು ವರ್ಷದ ಬಹುಭಾಗ ನಿಂತೇ ಇರುತ್ತವೆ. ಟೈರಿನ ಮೇಲ್ಮೈ ಸವೆಯದಿದ್ದರೂ ರಬ್ಬರ್ ಗಡುಸಾಗಿರುತ್ತದೆ. ನಿಂತ ಜಾಗದಲ್ಲಿ ಚಪ್ಪಟೆಯಾಗಿರುತ್ತದೆ. ಟೈರಿನ ಪಕ್ಕದಲ್ಲಿ ಮುದ್ರಿಸಿರುವ ನಾಲ್ಕು ಅಂಕೆಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2318 ಎಂದಿದ್ದರೆ 2018ರ 23ನೆಯ ವಾರ. ಮೂರೇ ಅಂಕೆಗಳಿದ್ದರೆ ಅದು 2000ಕ್ಕಿಂತ ಹಿಂದಿನದು, ಅಂತಹುದನ್ನು ಚರ್ಚೆಯಿಲ್ಲದೆ ತೆಗೆಯಬೇಕು. ದಾಸ್ತಾನು ಪರಿಶೀಲನೆಯಲ್ಲಿ ತಯಾರಿಕಾ ದಿನಾಂಕವನ್ನು ನೋಡುವಂತೆ ಇದನ್ನು ಮೊದಲಿಗೇ ನೋಡತಕ್ಕದ್ದು.

ಎಂಜಿನ್ ಮೌಂಟುಗಳು: 944ರ ಮೌಂಟುಗಳೊಳಗೆ ದ್ರವ ತುಂಬಿದೆ. ಕಾಲಾಂತರದಲ್ಲಿ ದ್ರವ ಸೋರಿ ಮೌಂಟ್ ಕುಸಿಯುತ್ತದೆ. ಎಕ್ಸಾಸ್ಟಿನ ಕಾವಿಗೆ ಹತ್ತಿರವಿರುವುದು ಬೇಗನೆ ಸೋಲುತ್ತದೆ. ಲಕ್ಷಣವೆಂದರೆ ನಿಧಾನಗತಿಯಲ್ಲಿ ಇಡೀ ಕಾರು ನಡುಗುವುದು, ಸುತ್ತು ಏರಿದಂತೆ ನಡುಕ ಕಡಿಮೆಯಾಗುವುದು.

ಬ್ಯಾಲೆನ್ಸ್ ಶಾಫ್ಟುಗಳು: ನಾಲ್ಕು ಸಿಲಿಂಡರಿನ ದೊಡ್ಡ ಎಂಜಿನ್ನಿನಲ್ಲಿ, ಕ್ರ್ಯಾಂಕ್ ಶಾಫ್ಟಿನ ವೇಗದ ಎರಡರಷ್ಟು ಆವರ್ತನದ ಕಂಪನ ಸಹಜವಾಗಿಯೇ ಹುಟ್ಟುತ್ತದೆ. ಅದನ್ನು ಅಡಗಿಸಲು ಎರಡು ಶಾಫ್ಟುಗಳು ಎರಡರಷ್ಟು ವೇಗದಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಈ ತತ್ತ್ವದ ಮೂಲ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರದು. ಇದನ್ನು ಆಧುನಿಕ ರೂಪದಲ್ಲಿ ಬೆಳೆಸಿದ್ದು ಜಪಾನಿನ ಮಿತ್ಸುಬಿಶಿ. ಪೋರ್ಷೆಯಂತಹ ಸಂಸ್ಥೆಯೂ ಮಿತ್ಸುಬಿಶಿಗೆ ಪರವಾನಗಿ ಶುಲ್ಕ ತೆತ್ತು ಇದನ್ನು ಬಳಸಿಕೊಂಡಿತು ಎಂಬುದು ಉದ್ಯಮಿಗಳು ಗಮನಿಸಬೇಕಾದ ವಿಚಾರ. ಬೆಲ್ಟ್ ಬದಲಿಸುವಾಗ ಶಾಫ್ಟಿನ ಗುರುತನ್ನು ತಪ್ಪಾಗಿ ಕೂರಿಸಿದರೆ, ಕಂಪನವನ್ನು ಅಡಗಿಸಬೇಕಾದ ಸಾಧನವೇ ಅದನ್ನು ಹೆಚ್ಚಿಸುತ್ತದೆ. ಬೆಲ್ಟ್ ಬದಲಿಸಿದ ದಿನದಿಂದಲೇ ಕಂಪನ ಶುರುವಾಗಿದ್ದರೆ ಬೇರೆಲ್ಲವನ್ನೂ ಬಿಟ್ಟು ಇದನ್ನೇ ನೋಡಬೇಕು. ಹಾಗೆ ಮುಂಭಾಗದ ಮುಚ್ಚಳ ತೆಗೆದಾಗ ಕ್ಯಾಮ್ ಶಾಫ್ಟಿನ ಬೆಲ್ಟಿನ ವಯಸ್ಸನ್ನೂ ಪರಿಶೀಲಿಸುವುದು ವಿವೇಕ. ಈ ಎಂಜಿನ್ನಿನಲ್ಲಿ ಅದು ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಭಾರಿ ಹಾನಿಯಾಗುತ್ತದೆ.

ಕ್ಲಚ್ ತಟ್ಟೆ: ಮೂಲ ಕ್ಲಚ್ ತಟ್ಟೆಯ ನಡುವೆ ಸ್ಪ್ರಿಂಗಿನ ಬದಲು ರಬ್ಬರ್ ಇದೆ. ಗೇರುಗಳ ಗಲಗಲ ಶಬ್ದವನ್ನು ತಡೆಯಲು ಇದನ್ನು ಹಾಗೆ ಮಾಡಲಾಯಿತು. ದಶಕಗಳ ಬಳಿಕ ರಬ್ಬರ್ ಬಿರಿಯುತ್ತದೆ. ಮೊದಲು ಗಾಡಿ ಹೊರಡುವಾಗ, ಆಕ್ಸಿಲರೇಟರ್ ಒತ್ತಿ ಬಿಡುವಾಗ ‘ಠಕ್’ ಎಂಬ ಶಬ್ದ. ಕೊನೆಗೆ ಎಂಜಿನ್ ಓಡುತ್ತಿದ್ದರೂ ಚಕ್ರಕ್ಕೆ ಎಳೆತವೇ ತಲುಪದೆ ಕಾರು ನಡುರಸ್ತೆಯಲ್ಲಿ ನಿಲ್ಲಬಹುದು. ಬದಲಿಗೆ ಸ್ಪ್ರಿಂಗ್ ಇರುವ ತಟ್ಟೆಯನ್ನು ಹಾಕಿಸಿದವರಿಗೆ ನ್ಯೂಟ್ರಲ್‌ನಲ್ಲಿ ಸ್ವಲ್ಪ ಗಲಗಲ ಸದ್ದು ಹೊಸದಾಗಿ ಕೇಳಿಸುವುದುಂಟು. ಅದು ದೋಷವಲ್ಲ, ಗ್ರಾಹಕನಿಗೆ ಮುಂಚಿತವಾಗಿಯೇ ತಿಳಿಸಿದರೆ ವಿವಾದ ತಪ್ಪುತ್ತದೆ.

ಸಿ.ವಿ. ಜಾಯಿಂಟುಗಳು: ಹಿಂಚಕ್ರಗಳು ಮುಂಚಕ್ರಗಳಂತೆ ತಿರುವಿಗೆ ಹೊರಳುವುದಿಲ್ಲವಾದ್ದರಿಂದ ತಿರುವಿನ ‘ಟಿಕ್ ಟಿಕ್’ ಶಬ್ದವನ್ನೇ ಕಾಯುತ್ತ ಕೂರಬಾರದು. ಇಲ್ಲಿ ಸವೆತವು ವೇಗ ಹೆಚ್ಚಿಸುವಾಗಿನ ನಡುಕವಾಗಿಯೋ ಎಳೆತ ಬದಲಾದಾಗಿನ ಠಕ್ ಶಬ್ದವಾಗಿಯೋ ತೋರುತ್ತದೆ. ಜಾಯಿಂಟನ್ನು ಬಿಗಿದಿರುವ ಬೋಲ್ಟುಗಳು ಸಡಿಲವಾದರೂ ಇದೇ ಲಕ್ಷಣ. ಟಾರ್ಕ್ ವ್ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿದು ನೋಡಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಉಳಿಸಿದ್ದಕ್ಕೆ ಹಾಫ್ ಶಾಫ್ಟ್ ವೇಗದಲ್ಲಿ ಕಳಚಿಬಿದ್ದರೆ ಹಾನಿಯ ಲೆಕ್ಕ ಹಣದಲ್ಲಿ ಮುಗಿಯಲಾರದು.

6. ಪರೀಕ್ಷೆಯ ಕ್ರಮ ಮತ್ತು ವೆಚ್ಚ

ಲೆಕ್ಕಪರಿಶೋಧಕನಿಗೆ ಇಲ್ಲಿ ಸ್ವಾರಸ್ಯಕರವಾದ ಪ್ರಶ್ನೆ ಏಳುತ್ತದೆ: ಯಾವುದನ್ನು ಮೊದಲು ಮಾಡಬೇಕು? ಕಲ್ಪಿತ ಅಂಕಿಗಳಿಂದ ನೋಡೋಣ. ಮೂರು ಅನುಮಾನಗಳಿವೆ, ದೋಷ ಇವುಗಳಲ್ಲಿ ಒಂದರಲ್ಲಿ ಮಾತ್ರ ಇದೆ ಎಂದಿಟ್ಟುಕೊಳ್ಳಿ. ಚಕ್ರದ ಸಮತೋಲನ: ವೆಚ್ಚ 2, ಸಂಭವ 100ಕ್ಕೆ 40. ಮೌಂಟುಗಳು: ವೆಚ್ಚ 20, ಸಂಭವ 30. ಟಾರ್ಕ್ ಟ್ಯೂಬ್: ವೆಚ್ಚ 100, ಸಂಭವ 30.

ಅಗ್ಗದ್ದರಿಂದ ಆರಂಭಿಸಿದರೆ ನಿರೀಕ್ಷಿತ ವೆಚ್ಚ: ಮೊದಲು 2, ಅದು ಫಲಿಸದಿರುವ ಸಂಭವ 60, ಆಗ 20, ಅಂದರೆ 12, ಅದೂ ಫಲಿಸದಿರುವ ಸಂಭವ 30, ಆಗ 100, ಅಂದರೆ 30. ಒಟ್ಟು 44.

ದುಬಾರಿಯದ್ದರಿಂದ ಆರಂಭಿಸಿ ಕೆಳಗಿಳಿದರೆ: 100, ಅದಕ್ಕೆ 14, ಅದಕ್ಕೆ 0.8. ಒಟ್ಟು 114.8. ಕ್ರಮವನ್ನು ತಿರುಗಿಸಿದ ಮಾತ್ರಕ್ಕೆ ವೆಚ್ಚ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು.

ಇನ್ನು ಮೇಲೆ ವಿವರಿಸಿದ ಪರೀಕ್ಷೆಗಳನ್ನು ನಡೆಸಿ ದೋಷಸ್ಥಾನವನ್ನು ಖಚಿತವಾಗಿ ತಿಳಿದ ಮೇಲೆಯೇ ಕೈಹಾಕಿದರೆ: 0.8, 6 ಮತ್ತು 30 ಸೇರಿ 36.8. ಅಗ್ಗದ್ದು ಮೊದಲೆಂಬ ಕ್ರಮಕ್ಕಿಂತಲೂ ಇದು 7.2ರಷ್ಟು ಕಡಿಮೆ. ಈ 7.2 ಎಂಬುದೇ ಮಾಹಿತಿಯ ಮೌಲ್ಯ. ಪರೀಕ್ಷೆಗೆ ತಗಲುವ ವೆಚ್ಚ ಇದಕ್ಕಿಂತ ಕಡಿಮೆಯಿರುವವರೆಗೂ ಪರೀಕ್ಷಿಸುವುದು ಲಾಭಕರ. ಕ್ಲಚ್ ಪೆಡಲನ್ನು ಒತ್ತಿ ಬಿಡಲು ತಗಲುವ ವೆಚ್ಚ ಶೂನ್ಯವೆಂಬುದನ್ನು ಇಲ್ಲಿ ನೆನೆಯಬೇಕು. ‘ಪರೀಕ್ಷೆಗೇಕೆ ದುಡ್ಡು’ ಎಂದು ಕೇಳುವ ಗ್ರಾಹಕನಿಗೂ, ಪರೀಕ್ಷೆಗೆ ದುಡ್ಡು ಕೇಳಲು ಸಂಕೋಚಪಡುವ ಗ್ಯಾರೇಜಿನವರಿಗೂ ಇದೇ ಉತ್ತರ.

7. ಕೂಡು ವೆಚ್ಚದ ತತ್ತ್ವ

ಸಾಮಾನ್ಯ ಕಾರಿನಲ್ಲಿ ಕ್ಲಚ್ ಬದಲಿಸುವುದು ದೊಡ್ಡ ಕೆಲಸವಲ್ಲ. 944ರಲ್ಲಿ ಕ್ಲಚ್ಚನ್ನು ತಲುಪಬೇಕಾದರೆ ಎಕ್ಸಾಸ್ಟ್ ಕೊಳವೆಯನ್ನು ತೆಗೆದು, ಹಿಂದಿನ ಟ್ರಾನ್ಸ್‌ಆಕ್ಸಲನ್ನು ಕಳಚಿ, ಟಾರ್ಕ್ ಟ್ಯೂಬನ್ನು ಹಿಂದಕ್ಕೆ ಸರಿಸಬೇಕು. ಅಂದರೆ ಕ್ಲಚ್ಚಿಗೂ, ಟಾರ್ಕ್ ಟ್ಯೂಬಿಗೂ, ರಿಲೀಸ್ ಬೇರಿಂಗಿಗೂ, ಪೈಲಟ್ ಬೇರಿಂಗಿಗೂ, ಎಂಜಿನ್ನಿನ ಹಿಂಬದಿಯ ಎಣ್ಣೆ ಸೀಲಿಗೂ ಬೇಕಾದ ಕೂಲಿ ಬಹುಪಾಲು ಒಂದೇ.

ವೆಚ್ಚ ಲೆಕ್ಕಶಾಸ್ತ್ರದಲ್ಲಿ ಇದನ್ನು ಕೂಡು ವೆಚ್ಚವೆನ್ನುತ್ತೇವೆ. ಕೂಲಿ 100 ಎಂದೂ ಸಣ್ಣ ಬೇರಿಂಗಿನ ಬೆಲೆ 3 ಎಂದೂ ಇಟ್ಟುಕೊಂಡರೆ, ಈಗಲೇ ಬದಲಿಸಿದರೆ ಹೆಚ್ಚುವರಿ ವೆಚ್ಚ 3. ಬಿಟ್ಟು, ಮುಂದೆ ಅದು ಕೆಟ್ಟರೆ 103. ಆ ಬೇರಿಂಗ್ ಮುಂದೆ ಕೆಡುವ ಸಂಭವ ನೂರಕ್ಕೆ ಮೂರನ್ನು ಮೀರಿದರೂ ಈಗಲೇ ಬದಲಿಸುವುದು ಲೇಸು. ಅದೇ ತರ್ಕದಿಂದ, ಸುಲಭವಾಗಿ ಎಂದಾದರೂ ತಲುಪಬಹುದಾದ ಭಾಗವನ್ನು ‘ಇದೂ ಇರಲಿ’ ಎಂದು ಪಟ್ಟಿಗೆ ಸೇರಿಸುವುದಕ್ಕೆ ಆಧಾರವಿಲ್ಲ. ಚಕ್ರದ ಬೇರಿಂಗಿಗೂ ಕ್ಲಚ್ಚಿನ ಕೂಲಿಗೂ ಸಂಬಂಧವಿಲ್ಲ. ಬಿಲ್ಲನ್ನು ಪರಿಶೀಲಿಸುವವರು ಈ ಭೇದವನ್ನು ಗಮನಿಸಬೇಕು.

ಬಿಡಿಭಾಗಗಳ ವ್ಯಾಪಾರಿಗಳಿಗೂ ಇಲ್ಲೊಂದು ಪಾಠವಿದೆ. ಟಾರ್ಕ್ ಟ್ಯೂಬಿನ ಬೇರಿಂಗುಗಳನ್ನು ತಯಾರಕರು ಬಿಡಿಯಾಗಿ ಮಾರಲಿಲ್ಲ. ಇಡೀ ಕೊಳವೆಯನ್ನೇ ಕೊಳ್ಳಬೇಕಿತ್ತು. ಈ ತೆರವನ್ನು ಕಂಡ ಸ್ವತಂತ್ರ ಸಣ್ಣ ಉದ್ಯಮಿಗಳು ಬೇರಿಂಗುಗಳ ಜೋಡಣೆಯನ್ನು ತಾವೇ ರೂಪಿಸಿ, ಹಳೆಯ ಕೊಳವೆಗಳನ್ನು ನವೀಕರಿಸುವ ವ್ಯಾಪಾರವನ್ನು ಕಟ್ಟಿಕೊಂಡರು. 1991ರಲ್ಲಿ ಉತ್ಪಾದನೆ ನಿಂತ ಕಾರೊಂದು ಇಂದಿಗೂ ಹಲವರಿಗೆ ಅನ್ನ ನೀಡುತ್ತಿರುವುದು ಹೀಗೆ.

8. ದಾಖಲೆಯ ಮಹತ್ವ

ಪರೀಕ್ಷೆಯ ಫಲಿತಾಂಶವನ್ನು ಬರೆದಿಡದಿದ್ದರೆ ಅದು ಪರೀಕ್ಷೆಯೇ ಅಲ್ಲ. ಒಂದು ಹಾಳೆಯಲ್ಲಿ ಈ ಅಂಶಗಳಿರಲಿ: ಕಂಪನ ಕಾಣಿಸಿದ ವೇಗ, ಗೇರ್ ಮತ್ತು ಎಂಜಿನ್ ಸುತ್ತು, ಎಂಜಿನ್ ತಣ್ಣಗಿತ್ತೇ, ಕಾದಿತ್ತೇ, ಪೆಡಲ್ ಪರೀಕ್ಷೆಯ ಫಲಿತಾಂಶ, ಉರುಳುವ ಪರೀಕ್ಷೆಯ ಫಲಿತಾಂಶ, ಹಿಂದಿನ ದುರಸ್ತಿಗಳು ಮತ್ತು ಅವುಗಳ ದಿನಾಂಕ. ಒಂದು ಬಾರಿಗೆ ಒಂದೇ ಭಾಗವನ್ನು ಬದಲಿಸಿ, ಮತ್ತೆ ಅದೇ ಪರೀಕ್ಷೆಯನ್ನು ನಡೆಸಿ, ಫಲಿತಾಂಶವನ್ನು ಕೆಳಗೆ ನಮೂದಿಸಬೇಕು. ಕೂಡು ವೆಚ್ಚದ ಕಾರಣ ಹಲವು ಭಾಗಗಳನ್ನು ಒಟ್ಟಿಗೆ ಬದಲಿಸಿದಲ್ಲಿ, ತೆಗೆದ ಹಳೆಯ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ, ದೋಷ ಯಾವುದರಲ್ಲಿತ್ತೆಂದು ಬರೆದಿಡಬೇಕು. ಅವುಗಳನ್ನು ಗ್ರಾಹಕನಿಗೆ ತೋರಿಸಿ ಸಹಿ ಪಡೆಯುವುದು ಉತ್ತಮ ಪದ್ಧತಿ.

ನಮ್ಮ ದೇಶದಲ್ಲಿ 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಅಡಿಯಲ್ಲಿ ಸೇವೆಯ ನ್ಯೂನತೆಗೆ ಗ್ರಾಹಕನು ಪರಿಹಾರ ಕೋರಬಹುದು. ಅಂತಹ ಸಂದರ್ಭದಲ್ಲಿ ಪ್ರಾಮಾಣಿಕ ದುರಸ್ತಿಗಾರನ ರಕ್ಷಣೆಗೆ ನಿಲ್ಲುವುದು ಅವನ ಬಾಯಿಮಾತಲ್ಲ, ಈ ಹಾಳೆ. ಗ್ರಾಹಕನಿಗೂ ಅಷ್ಟೇ, ಯಾವ ಕಾರಣಕ್ಕೆ ಯಾವ ಭಾಗ ಬದಲಾಯಿತು ಎಂಬ ದಾಖಲೆಯಿರುವ ಹಳೆಯ ಕಾರಿಗೆ ಮಾರುವಾಗ ಬರುವ ಬೆಲೆಯೇ ಬೇರೆ.

ಉಪಸಂಹಾರ

ಇಷ್ಟನ್ನು ಸಂಕ್ಷೇಪಿಸಿ ಹೇಳುವುದಾದರೆ: ಮೊದಲು ರಚನೆಯನ್ನು ತಿಳಿಯಬೇಕು, ಯಾವ ಭಾಗ ಯಾವ ವೇಗದಲ್ಲಿ ತಿರುಗುತ್ತದೆಂದು ಲೆಕ್ಕ ಹಾಕಬೇಕು, ಖರ್ಚಿಲ್ಲದ ಪರೀಕ್ಷೆಗಳಿಂದ ಅನುಮಾನದ ವಲಯವನ್ನು ಕಿರಿದುಗೊಳಿಸಬೇಕು, ಅನಂತರವಷ್ಟೇ ಸಲಕರಣೆಯನ್ನು ಕೈಗೆತ್ತಿಕೊಳ್ಳಬೇಕು. ಗಿರಣಿಯ ಮೋಟಾರಿಗೂ, ಕೃಷಿ ಪಂಪಿಗೂ, ಮುದ್ರಣಾಲಯದ ಉರುಳೆಗೂ ಈ ಕ್ರಮ ಸಮಾನವಾಗಿ ಅನ್ವಯಿಸುತ್ತದೆ. ತಮ್ಮ ಘಟಕದಲ್ಲಿರುವ ಪ್ರತಿಯೊಂದು ಮುಖ್ಯ ಯಂತ್ರಕ್ಕೂ ಅದರ ತಿರುಗುವ ಭಾಗಗಳ ವೇಗದ ಪಟ್ಟಿಯೊಂದನ್ನು ಸಿದ್ಧಪಡಿಸಿ ಗೋಡೆಗೆ ತೂಗುಹಾಕಿದರೆ, ಮುಂದಿನ ಬಾರಿ ಹೊಸ ಶಬ್ದ ಕೇಳಿಬಂದಾಗ ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂಬುದಕ್ಕೆ ಆ ಪಟ್ಟಿಯೇ ಉತ್ತರ ಕೊಡುತ್ತದೆ. ಸದಸ್ಯರು ಈ ತಿಂಗಳಲ್ಲಿ ಒಂದಾದರೂ ಯಂತ್ರಕ್ಕೆ ಅಂತಹ ಪಟ್ಟಿಯನ್ನು ತಯಾರಿಸಲೆಂಬುದು ಈ ಲೇಖನದ ಆಶಯ.